ಹನ್ನೊಂದು ಸೆಕೆಂಡಿನ ಬೀದಿ

೧೯೯೫ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಇಪ್ಪತ್ತೆರಡು ಬೀಟಾ ವಿಡಿಯೋ ಟೇಪುಗಳು ಲಾಸ್ ಏಂಜಲೀಸ್ ಬಳಿಯ ಬರ್ಬ್ಯಾಂಕಿನ ನನ್ನ ಎಡಿಟಿಂಗ್ ಕೋಣೆಗೆ ಬಂದವು. ಒಂದೊಂದರಲ್ಲೂ ಅರ್ಧ ಗಂಟೆಯ ಚಿತ್ರೀಕರಣ. ಡಬ್ಬಿಗಳ ಸಂದಿಯಲ್ಲಿ ಕಪ್ಪು ಮರಳು ಸಿಕ್ಕಿಕೊಂಡಿತ್ತು. ಮರಳು ಒಳಗೆ ಹೋದರೆ ಟೇಪ್ ಓದುವ ಯಂತ್ರದ ಹೆಡ್ ಹಾಳಾಗುತ್ತದೆಂದು ಟೇಪ್ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರು ಪ್ರತಿಯೊಂದನ್ನೂ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ನಂಬರಿನ ಚೀಟಿ ಅಂಟಿಸಿ ಕೊಟ್ಟರು. ಅವರು ಫಿಲಿಪೀನ್ಸಿನವರು. ಮರಳನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಇದು ಬೆಂಕಿಬೆಟ್ಟದ ಮರಳು, ನಮ್ಮೂರಲ್ಲೂ ಹೀಗೇ ಇರುತ್ತದೆ ಎಂದರು.

ಟೇಪುಗಳು ಬಂದದ್ದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಿಂದ. ಹೆಸರು ಹೇಳಿದರೂ ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಆಗಲೂ ಬ್ರಿಟಿಷರ ಆಳ್ವಿಕೆಯಲ್ಲೇ ಇದ್ದ ಜಾಗ. ಪ್ರವಾಸಿ ಹಡಗುಗಳ ಕಂಪನಿಯೊಂದು ಅಲ್ಲಿನ ಪ್ರೇಕ್ಷಣೀಯ ಸ್ಥಳಗಳ ಬಗ್ಗೆ ಇಪ್ಪತ್ತೈದು ನಿಮಿಷದ ವಿಡಿಯೋ ಕೇಳಿತ್ತು. ಹಡಗಿನ ಕೋಣೆಗಳಲ್ಲಿ ಅದನ್ನು ದಿನವಿಡೀ ಹಾಕುತ್ತಾರೆ; ಜನ ನೋಡಿ, ಮರುದಿನ ಯಾವ ಟೂರಿಗೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ಎಡಿಟ್ ಮಾಡುವ ಕೆಲಸ ನನ್ನದು.

ಮೊದಲ ಹೆಜ್ಜೆ ಲಾಗ್ ಬರೆಯುವುದು. ಪ್ರತಿ ಟೇಪನ್ನೂ ಪೂರ್ತಿ ನೋಡಬೇಕು. ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಏನಿದೆ ಎಂದು ಹಾಳೆಯ ಎಡಗಡೆ ಬರೆದು, ಬಲಗಡೆ ಒಂದೇ ಪದದಲ್ಲಿ ತೀರ್ಪು ಕೊಡಬೇಕು: ಒಳ್ಳೆಯದು, ನೋಡೋಣ, ಬೇಡ. ಆಗಿನ ಕಂಪ್ಯೂಟರುಗಳ ಡಿಸ್ಕಿನಲ್ಲಿ ಜಾಗ ಬಹಳ ಕಡಿಮೆ. ಹಾಗಾಗಿ 'ಒಳ್ಳೆಯದು' ಎಂದು ಗುರುತು ಮಾಡಿದ ತುಣುಕುಗಳನ್ನಷ್ಟೇ, ಅದೂ ತೀರಾ ಒರಟು ಗುಣಮಟ್ಟದಲ್ಲಿ, ಡಿಸ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. ಆ ಒರಟು ಚಿತ್ರದಲ್ಲೇ ಕತ್ತರಿಸಿ ಜೋಡಿಸಿ, ಕೊನೆಗೆ ಮೂಲ ಟೇಪಿಗೆ ಹೋಗಿ ಶುದ್ಧ ಪ್ರತಿ ತೆಗೆಯುವ ಪದ್ಧತಿ. 'ಬೇಡ' ಎಂದು ಬರೆದದ್ದನ್ನು ಮತ್ತೆ ಯಾರೂ ನೋಡುತ್ತಿರಲಿಲ್ಲ. 'ಒಳ್ಳೆಯದು' ಎಂದು ಬರೆಯುವುದರಲ್ಲಿ ನನ್ನ ಕೈ ಬಹಳ ಬಿಗಿ ಎಂದು ಆಫೀಸಿನಲ್ಲಿ ಹೆಸರಿತ್ತು. ನನಗೂ ಅದು ಹೆಮ್ಮೆಯೇ.

ದ್ವೀಪ ನೋಡಲು ಚೆನ್ನಾಗಿತ್ತು. ರಾಜಧಾನಿಯೆಂದರೆ ಸಮುದ್ರದಂಚಿನ ಸಣ್ಣ ಪೇಟೆ. ಕೆಂಪು ತಗಡಿನ ಮಾಡು, ಕಲ್ಲಿನ ಕೆಳಅಂತಸ್ತು, ಮರದ ಮೇಲಂತಸ್ತು. ಆ ಕಲ್ಲುಗಳು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಬಂದ ಖಾಲಿ ಹಡಗುಗಳ ತಳದಲ್ಲಿ ಭಾರಕ್ಕೆಂದು ಹೇರಿಕೊಂಡು ಬಂದವು. ಹೋಗುವಾಗ ಹಡಗಿನ ತುಂಬ ಸಕ್ಕರೆ. ಪೇಟೆಯ ನಡುವೆ ಗಡಿಯಾರದ ಗೋಪುರ, ಕೋರ್ಟು, ಗವರ್ನರ್ ಬಂಗಲೆ. ಗುಡ್ಡದ ಮೇಲೆ ಹಳೆಯ ಕೋಟೆ, ಸಮುದ್ರದ ಕಡೆ ಬಾಯಿ ತೆರೆದ ತುಕ್ಕು ಹಿಡಿದ ಫಿರಂಗಿಗಳು. ಒಳನಾಡಿನಲ್ಲಿ ಗುಲಾಮರು ದುಡಿದ ಕಬ್ಬಿನ ತೋಟಗಳ ಗಾಣದ ಗೋಪುರಗಳು. ಅವುಗಳ ಮೈತುಂಬ ಬಳ್ಳಿ. ಒಂದು ಜಲಪಾತ. ಎಲ್ಲದರ ಹಿಂದೆ ಹಸಿರು ಬೆಟ್ಟ, ಅದರ ನೆತ್ತಿಯಲ್ಲಿ ಸದಾ ಒಂದು ಮೋಡ.

ಆ ಬೆಟ್ಟದ ಪಕ್ಕೆಯಲ್ಲಿ ಗಂಧಕದ ಬಿಸಿನೀರಿನ ಬುಗ್ಗೆಗಳಿದ್ದವು. ಏಳನೆಯ ಟೇಪಿನಲ್ಲಿ ಅಲ್ಲಿನ ಗೈಡ್ ಒಬ್ಬರು ಕೋಳಿಮೊಟ್ಟೆಯನ್ನು ಬಲೆಯ ಚೀಲದಲ್ಲಿಟ್ಟು ಬುಗ್ಗೆಗೆ ಇಳಿಬಿಟ್ಟು ಬೇಯಿಸಿ ತೋರಿಸುತ್ತಾರೆ. ಸುಲಿದ ಮೊಟ್ಟೆಯನ್ನು ಕ್ಯಾಮೆರಾದತ್ತ ಹಿಡಿದು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ಹೇಳುತ್ತಾರೆ: "ಮೊದಲೆಲ್ಲ ನಾನೊಂದು ಹಾಡು ಮುಗಿಸಿದಾಗ ಮೊಟ್ಟೆ ಬೆಂದಿರುತ್ತಿತ್ತು. ಈ ವರ್ಷ ಹಾಡಿನ ಅರ್ಧಕ್ಕೇ ಬೇಯುತ್ತಿದೆ."

ಮೊಟ್ಟೆ, ನಗು: ಒಳ್ಳೆಯದು. ಆ ಮಾತು: ಬೇಡ. ಹಡಗಿನ ಕಂಪನಿ ಬೆಟ್ಟವನ್ನು 'ಮಲಗಿರುವ ಬೆಟ್ಟ' ಎಂದೇ ಕರೆಯಬೇಕೆಂದು ಬರೆದು ಕಳಿಸಿತ್ತು. ಪ್ರವಾಸಿಗರಲ್ಲಿ ಭಯ ಹುಟ್ಟಿಸುವ ಮಾತು ನನಗೆ ಬೇಕಿರಲಿಲ್ಲ.

ಹಿನ್ನೆಲೆಯ ದನಿಗೆ ಆ ದ್ವೀಪದವರೇ ಬೇಕೆಂದು ನಿರ್ಮಾಪಕಿ ಹುಡುಕುತ್ತಿದ್ದರು. ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ ನನ್ನ ಅಕ್ಕ ಇದ್ದಳು. ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಅವಳ ಜೊತೆ ಕೆಲಸ ಮಾಡುವ ನರ್ಸ್ ಒಬ್ಬರು ಅದೇ ದ್ವೀಪದವರೆಂದು ಅಕ್ಕನ ಬಾಯಿಂದಲೇ ತಿಳಿಯಿತು. ಆ ನರ್ಸ್ ರಜೆ ಹಾಕಿ ಬರ್ಬ್ಯಾಂಕಿಗೆ ಬಂದು ಒಂದು ಮಧ್ಯಾಹ್ನ ಇಡೀ ಸ್ಕ್ರಿಪ್ಟ್ ಓದಿಕೊಟ್ಟರು. ಊರಿನ ಹೆಸರುಗಳನ್ನು ತಿದ್ದಿದರು. 'ಮಲಗಿರುವ ಬೆಟ್ಟ' ಎಂಬಲ್ಲಿ ಮಾತ್ರ ನಕ್ಕುಬಿಟ್ಟರು. ಮೂರು ವರ್ಷದಿಂದ ಊರಿನಲ್ಲಿ ತಾಯಿಯ ಅಡುಗೆಮನೆಯ ತಟ್ಟೆಗಳು ಆಗಾಗ ಅಲುಗುತ್ತವಂತೆ. ಮಲಗಿದ್ದರೂ ಗೊರಕೆ ಹೊಡೆಯುತ್ತದೆ ಎಂದು ಅವರ ತಾಯಿ ಹೇಳುತ್ತಾರಂತೆ. ನಾವೂ ನಕ್ಕೆವು. ಹಿಂದಿನ ವರ್ಷವಷ್ಟೇ ಲಾಸ್ ಏಂಜಲೀಸಿನಲ್ಲಿ ಭೂಕಂಪವಾಗಿ, ಹತ್ತಿರದ ಊರಾದ ವಾಲ್‌ನಟ್‌ನ ನಮ್ಮ ಮನೆಯ ಗೋಡೆಯೂ ಬಿರುಕುಬಿಟ್ಟಿತ್ತು. ತಟ್ಟೆ ಅಲುಗುವುದು ನಮಗೆ ದೊಡ್ಡ ಸಂಗತಿಯಾಗಿರಲಿಲ್ಲ.

ಜುಲೈ ಹೊತ್ತಿಗೆ ಎಡಿಟ್ ಹೆಚ್ಚುಕಡಿಮೆ ಮುಗಿದಿತ್ತು. ಒಂದು ಮಧ್ಯಾಹ್ನ ಊಟದ ಕೋಣೆಗೆ ಹೋದಾಗ ಟಿವಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಪರದೆಯ ಮೇಲೆ ನನ್ನ ಬೆಟ್ಟ. ಅದರ ಆಕಾರ ನನಗೆ ಬಾಯಿಪಾಠವಾಗಿತ್ತು. ಯಾವ ಅಂಚಿನ ಮೇಲೆ ಬೆಳಿಗ್ಗೆ ಬಿಸಿಲು ಬೀಳುತ್ತದೆ ಎಂಬುದೂ ಗೊತ್ತಿತ್ತು. ಅದರ ತಲೆಯ ಮೇಲೆ ಈಗ ಇದ್ದದ್ದು ಮೋಡವಲ್ಲ, ಬೂದಿ ಬಣ್ಣದ ಹೊಗೆಯ ಕಂಬ. ಕೈಯಲ್ಲಿದ್ದ ಊಟದ ಡಬ್ಬಿಯನ್ನು ತೆರೆಯದೆ ವಾಪಸು ತಂದು ಮೇಜಿನ ಮೇಲಿಟ್ಟೆ. ನನ್ನ ಕೋಣೆಯ ಪರದೆಯಲ್ಲಿ ಅದೇ ಬೆಟ್ಟ ಹಸಿರಾಗಿ ನಿಂತಿತ್ತು. ನರ್ಸಿನ ದನಿ ಅದನ್ನು ಮಲಗಿರುವ ಬೆಟ್ಟ ಎನ್ನುತ್ತಿತ್ತು.

ಹಡಗಿನ ಕಂಪನಿ ಮೊದಲು ಕಾಯೋಣ ಎಂದಿತು. ಹಬೆಯೂ ಒಂದು ಆಕರ್ಷಣೆಯಾದೀತು ಎಂದು ಅವರಲ್ಲೊಬ್ಬರು ಫೋನಿನಲ್ಲಿ ಹೇಳಿದರಂತೆ. ಆಗಸ್ಟಿನಲ್ಲಿ ರಾಜಧಾನಿಯ ಮೇಲೆ ಹಾಡುಹಗಲೇ ಕತ್ತಲು ಕವಿಯುವಷ್ಟು ಬೂದಿ ಸುರಿಯಿತು. ಜನರನ್ನು ಹಲವು ದಿನ ಬಸ್ಸುಗಳಲ್ಲಿ ದ್ವೀಪದ ಉತ್ತರಕ್ಕೆ ಸಾಗಿಸಿದರು. ಬೂದಿ ಬಿದ್ದ ಮರುದಿನವೇ ಕಂಪನಿ ಕೆಲಸ ರದ್ದು ಮಾಡಿತು. ನಿರ್ಮಾಪಕಿ ನನಗೆ ಅಡುಗೆ ಪಾತ್ರೆಗಳ ಒಂದು ಜಾಹೀರಾತು ಕೊಟ್ಟರು. ನಾನು ಅದರಲ್ಲಿ ಮುಳುಗಿದೆ.

ಸೆಪ್ಟೆಂಬರಿನ ಒಂದು ದಿನ ನರ್ಸ್ ಫೋನ್ ಮಾಡಿದರು. ಅವರ ತಾಯಿಯೂ ಬಸ್ಸಿನಲ್ಲಿ ಹೋದವರಲ್ಲಿ ಒಬ್ಬರು. ಉತ್ತರದ ಒಂದು ಚರ್ಚಿನ ನೆಲದ ಮೇಲೆ ಇನ್ನೂರು ಜನರ ನಡುವೆ ಮಲಗುತ್ತಿದ್ದಾರೆ. ಉಟ್ಟ ಬಟ್ಟೆಯಲ್ಲಿ ಹೊರಟವರಿಗೆ ಮನೆಯ ಒಂದು ಫೋಟೋ ಕೂಡ ತರಲಾಗಲಿಲ್ಲ. "ನಿಮ್ಮ ಹತ್ತಿರ ನಮ್ಮ ಪೇಟೆ ಇದೆಯಲ್ಲವಾ?" ಎಂದು ಕೇಳಿದರು. ಬೀದಿ ಬೀದಿಯೂ ಇದೆ, ಟೇಪುಗಳೆಲ್ಲ ಭದ್ರವಾಗಿವೆ, ಮನೆಯಲ್ಲಿ ನೋಡುವಂಥ ವಿಎಚ್ಎಸ್‌ಗೆ ಪ್ರತಿ ಮಾಡಿ ಕಳಿಸುತ್ತೇನೆ ಎಂದೆ. ಒಂದು ಕ್ಷಣವೂ ಯೋಚಿಸದೆ ಹಾಗೆಂದೆ.

ಫೋನಿಟ್ಟು ನೇರ ಟೇಪ್ ಕೋಣೆಗೆ ಹೋದೆ. ಒಂದರಿಂದ ಒಂಬತ್ತರವರೆಗಿನ ಟೇಪುಗಳು ಬೇಕು ಎಂದೆ. ಪೇಟೆಯೂ ಬುಗ್ಗೆಯೂ ಇದ್ದದ್ದು ಅವುಗಳಲ್ಲೇ. ಹಿರಿಯರು ನನ್ನ ಮುಖ ನೋಡಿದರು. ಆಮೇಲೆ ಒಂದು ಕಪಾಟಿನತ್ತ ಹೋಗಿ ಒಂದು ಟೇಪು ತಂದು ನನ್ನ ಮುಂದಿಟ್ಟರು. ಮೇಲೆ ಹೊಸ ಚೀಟಿ. ಅಡುಗೆ ಪಾತ್ರೆ, ಮೂರನೆಯ ದಿನ.

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮುಗಿದ ಅಥವಾ ರದ್ದಾದ ಕೆಲಸಗಳ ಟೇಪುಗಳನ್ನು ಅಳಿಸುವ ಯಂತ್ರದ ಮೇಲಿಟ್ಟು, ಖಾಲಿ ಮಾಡಿ, ಮತ್ತೆ ಬಳಸುವುದು ನಮ್ಮಲ್ಲಿ ವಾಡಿಕೆ. ಅದೊಂದು ದೊಡ್ಡ ಅಯಸ್ಕಾಂತದ ಪೆಟ್ಟಿಗೆ. ಟೇಪನ್ನು ಅದರ ಮೇಲೆ ಎರಡು ಸುತ್ತು ತಿರುಗಿಸಿದರೆ ಸಾಕು, ಏನೂ ಉಳಿಯುವುದಿಲ್ಲ. ಆದರೆ ಎಡಿಟರ್ ಸಹಿ ಇಲ್ಲದೆ ಅಳಿಸುವಂತಿರಲಿಲ್ಲ. ಯಾರು ಸಹಿ ಹಾಕಿದರು ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

ಹಿರಿಯರು ಫೈಲು ತೆರೆದು ಹಾಳೆಯನ್ನು ನನ್ನತ್ತ ತಿರುಗಿಸಿದರು. ನನ್ನದೇ ಸಹಿ. ತಾರೀಖು ಆಗಸ್ಟ್ ಕೊನೆಯ ವಾರದ್ದು. ಪಾತ್ರೆಗಳ ಜಾಹೀರಾತಿನ ನಡುವೆ ಯಾರೋ ತಂದಿಟ್ಟ ಕಾಗದದ ಕಟ್ಟಿಗೆ, ಮೇಲಿನ ಸಾಲೂ ಓದದೆ, ಒಂದರ ಹಿಂದೊಂದು ಸಹಿ ಹಾಕಿ ಕೊಟ್ಟಿದ್ದೆ. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಉಳಿದ ಹದಿಮೂರು ಟೇಪುಗಳು ಗಾಡಿಯ ಮೇಲೆ ಅಳಿಸುವ ಯಂತ್ರದ ಪಕ್ಕದಲ್ಲೇ ಇದ್ದವು. ಅವುಗಳ ಹಾಳೆ ನನ್ನ ಸಹಿಗಾಗಿ ಕಾಯುತ್ತಿತ್ತು.

ಕೋಣೆಗೆ ಬಂದು ಕಂಪ್ಯೂಟರ್ ಡಿಸ್ಕ್ ನೋಡಿದೆ. ಮೊದಲ ಒಂಬತ್ತು ಟೇಪುಗಳಿಂದ ಇಳಿಸಿಕೊಂಡ ತುಣುಕುಗಳು ಇನ್ನೂ ಇದ್ದವು. ಎಲ್ಲ ಸೇರಿ ಹತ್ತೊಂಬತ್ತು ನಿಮಿಷ. ನಾಲ್ಕೂವರೆ ಗಂಟೆಯ ಪೇಟೆಯಲ್ಲಿ ಉಳಿದದ್ದು ಇಷ್ಟು. ಅದೂ ಮುಖಗಳು ಚೌಕ ಚೌಕವಾಗಿ ಕಾಣುವ ಒರಟು ಚಿತ್ರ. ಗೈಡ್ ಹೇಳಿದ ಮಾತನ್ನು ಹುಡುಕಿದೆ. ಇರಲಿಲ್ಲ, ನಾನೇ ಬೇಡ ಎಂದಿದ್ದೆ. ಶುಕ್ರವಾರದೊಳಗೆ ಈ ಡಿಸ್ಕನ್ನೂ ಖಾಲಿ ಮಾಡಿಕೊಡಬೇಕಿತ್ತು.

ನಿರ್ಮಾಪಕಿಯ ಬಳಿ ಹೋಗಿ ಆದದ್ದನ್ನು ಹೇಳಿದೆ. ಉಳಿದ ಹದಿಮೂರಕ್ಕೆ ಸಹಿ ಹಾಕುವುದಿಲ್ಲ, ಡಿಸ್ಕಿನಲ್ಲಿರುವುದನ್ನು ಟೇಪಿಗೆ ಇಳಿಸುವವರೆಗೆ ಅದನ್ನೂ ಬಿಟ್ಟುಕೊಡುವುದಿಲ್ಲ ಎಂದೆ. ಅವರು ಕೆಟ್ಟವರಲ್ಲ. ಆದರೆ ಅಂದು ಅವರ ಮಾತು ತಣ್ಣಗಿತ್ತು. ಪ್ರತಿ ವರ್ಷ ನೂರಾರು ಟೇಪು ಅಳಿಸುತ್ತೇವೆ, ಪ್ರತಿಯೊಂದಕ್ಕೂ ಹೀಗೆ ನಿಂತರೆ ಕಂಪನಿ ನಡೆಯುವುದು ಹೇಗೆ, ರಾತ್ರಿ ಯೋಚಿಸಿ ನಾಳೆ ಹೇಳು ಎಂದರು. ಗ್ರೀನ್ ಕಾರ್ಡಿನ ವಿಷಯ ಅವರು ಎತ್ತಲಿಲ್ಲ; ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ನನ್ನ ಅರ್ಜಿ ಈ ಕಂಪನಿಯ ಮೂಲಕವೇ ಹೋಗಿತ್ತು. ಇಲ್ಲಿ ಕೆಲಸ ಹೋದರೆ ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕು.

ಸಂಜೆ ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ನರ್ಸ್ ಜೊತೆ ನೀನೇ ಮಾತಾಡು, ನೀನು ಹೇಳಿದರೆ ಸಮಾಧಾನವಾಗಬಹುದು ಎಂದು ಕೇಳಿಕೊಂಡೆ. ಅಕ್ಕ ಒಪ್ಪಲಿಲ್ಲ.

"ನಾ ಎಂತಕ್ಕೆ ಹೇಳುದು? ಸೈನ್ ಹಾಕಿದ್ದು ನೀನಲ್ವಾ. ನೀನೇ ಫೋನ್ ಮಾಡಿ ಹೇಳು. ಸುತ್ತಿ ಬಳಸಿ ಹೇಳ್ಲಿಕ್ಕೆ ಹೋಗ್ಬೇಡ, ಆದದ್ದನ್ನ ಆದ ಹಾಗೇ ಹೇಳು."

"ಕೆಲಸ ಹೋದ್ರೆ, ಅಕ್ಕ?"

"ಹೋದ್ರೆ ಇಲ್ಲಿಗೆ ಬಾ. ರೂಮ್ ಉಂಟಲ್ಲ. ಆದ್ರೆ ಇನ್ನೊಂದು ಸೈನ್ ಮಾತ್ರ ಹಾಕ್ಬೇಡ."

ನರ್ಸಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೇ ಹೇಳಿದೆ. ಅವರು ಬೈಯಲಿಲ್ಲ. ಸಹಿ ಹಾಕಿದ ದಿನ ಯಾವುದು ಎಂದು ಕೇಳಿದರು. ಹೇಳಿದೆ. ಆ ದಿನ ಅಮ್ಮ ಬಸ್ಸಿನಲ್ಲಿದ್ದರು ಎಂದು ಹೇಳಿ ಫೋನಿಟ್ಟರು.

ಮರುದಿನ ಬೆಳಿಗ್ಗೆ ನಾನು ನಿರ್ಮಾಪಕಿಯ ಕೋಣೆಗೆ ಹೋಗುವಷ್ಟರಲ್ಲಿ ಟೇಪ್ ಕೋಣೆಯ ಹಿರಿಯರು ಅಲ್ಲಿ ನಿಂತಿದ್ದರು. ಎಡಿಟರ್ ಸಹಿ ಇಲ್ಲದೆ ತಾನು ಯಾವ ಟೇಪನ್ನೂ ಯಂತ್ರದ ಮೇಲಿಡುವುದಿಲ್ಲ, ಅದು ಕಂಪನಿಯೇ ಮಾಡಿದ ನಿಯಮ ಎಂದಷ್ಟೇ ಅವರು ಹೇಳಿದ್ದು. ನನ್ನನ್ನು ಒಮ್ಮೆಯೂ ನೋಡಲಿಲ್ಲ. ಅವರು ಹೋದ ಮೇಲೆ ನಾನು ನಿರ್ಮಾಪಕಿಯನ್ನು ನನ್ನ ಕೋಣೆಗೆ ಬರಲು ಕೇಳಿದೆ. ಡಿಸ್ಕಿನಲ್ಲಿದ್ದ ಮಾರುಕಟ್ಟೆಯ ಬೀದಿಯನ್ನು ಹಾಕಿದೆ, ದನಿಯಿಲ್ಲದೆ. ಆ ಜನರೆಲ್ಲ ಈಗ ಚರ್ಚಿನ ನೆಲದ ಮೇಲಿದ್ದಾರೆ ಎಂದೆ. ಅವರು ಕೊನೆಯವರೆಗೆ ನೋಡಿದರು. ಶುಕ್ರವಾರ ಸಂಜೆವರೆಗೆ ಡಿಸ್ಕ್ ನಿನ್ನದು ಎಂದರು. ಹದಿಮೂರು ಟೇಪುಗಳ ಬಗ್ಗೆ ಏನೂ ಹೇಳಲಿಲ್ಲ. ಅವು ಕಪಾಟಿನ ಮೇಲಿನ ಅಂತಸ್ತಿಗೆ ಹೋದವು.

ಆಮೇಲೆ ಉಳಿದದ್ದು ಬರೀ ಕೆಲಸ. ಡಿಸ್ಕಿನಲ್ಲಿದ್ದ ಪ್ರತಿ ತುಣುಕನ್ನೂ ಟೇಪ್ ನಂಬರಿನ ಕ್ರಮದಲ್ಲಿ ಜೋಡಿಸಿದೆ. ತುಣುಕು ಇಳಿಸುವಾಗ ಮುಂದೆ ಹಿಂದೆ ಒಂದೊಂದು ಸೆಕೆಂಡು ಹೆಚ್ಚಿಗೆ ತೆಗೆದುಕೊಳ್ಳುವುದು ಎಡಿಟರುಗಳ ರೂಢಿ. ಕತ್ತರಿ ಹಾಕಲು ಜಾಗ ಬೇಕಲ್ಲ. ಆ ಹೆಚ್ಚುವರಿ ಸೆಕೆಂಡುಗಳನ್ನೂ ಬಿಡಲಿಲ್ಲ. ಒಮ್ಮೆ ಕಂಪ್ಯೂಟರ್ ಅರ್ಧದಲ್ಲಿ ಕೈಕೊಟ್ಟು, ನಾಲ್ಕು ತುಣುಕುಗಳು ತೆರೆಯದೇ ಹೋದವು. ಗಡಿಯಾರದ ಗೋಪುರ ಹಾಗೆ ಹೋಯಿತು. ಶುಕ್ರವಾರ ನಾಲ್ಕು ಗಂಟೆಗೆ ಎರಡು ಪ್ರತಿಗಳಾದವು.

ಒಂದು ಪ್ರತಿಯನ್ನು ನರ್ಸಿಗೆ ಕಳಿಸಿದೆ. ಬಹಳ ದಿನ ಉತ್ತರವಿರಲಿಲ್ಲ. ಅವರು ಅದನ್ನು ನೋಡಿಲ್ಲ, ಅಮ್ಮ ಬಂದ ಮೇಲೆ ನೋಡುತ್ತಾರಂತೆ ಎಂದು ಅಕ್ಕ ಹೇಳಿದಳು. ನನ್ನ ಕೆಲಸ ಉಳಿಯಿತು. ಮರುವರ್ಷ ರಾಜಧಾನಿಯನ್ನು ಪೂರ್ತಿ ತೆರವು ಮಾಡಿದರು. ೧೯೯೭ರ ಬೇಸಿಗೆಯಲ್ಲಿ ಬೆಟ್ಟದಿಂದ ಉರಿಬೂದಿ, ಬಂಡೆ ಇಳಿದು ಬಂದು ಪೇಟೆಯನ್ನು ಹೂತುಹಾಕಿತು. ಹೆಲಿಕಾಪ್ಟರಿನಿಂದ ತೆಗೆದ ಚಿತ್ರ ಟಿವಿಯಲ್ಲಿ ಬಂತು. ಬೂದು ಬಣ್ಣದ ಬಯಲು. ಅಲ್ಲಲ್ಲಿ ಒಂದು ಮಾಡಿನ ಅಂಚು. ಎಲ್ಲಿ ಏನಿತ್ತೆಂದು ನಾನು ಗುರುತಿಸಲು ನೋಡಿದೆ. ಆರು ತಿಂಗಳು ದಿನವೂ ನೋಡಿದ ಊರು. ಆಗಲಿಲ್ಲ.

ಆ ವರ್ಷದ ಕೊನೆಗೆ ನರ್ಸಿನ ತಾಯಿ ಸ್ಯಾನ್ ಡಿಯೇಗೋಗೆ ಬಂದರು. ಒಂದು ಶನಿವಾರ ಮನೆಗೆ ಬನ್ನಿ ಎಂದು ನರ್ಸೇ ಕರೆದರು. ಎರಡು ಗಂಟೆ ಡ್ರೈವ್ ಮಾಡಿ ಹೋದೆ. ಹದಿಮೂರು ಟೇಪುಗಳಿಂದ ಆರಿಸಿದ್ದನ್ನೂ ಪ್ರತಿ ಮಾಡಿಕೊಂಡಿದ್ದೆ. ಲಾಗ್ ಹಾಳೆಗಳ ಫೈಲನ್ನೂ ಯಾಕೋ ಕಾರಿನಲ್ಲಿ ಹಾಕಿಕೊಂಡಿದ್ದೆ. ಅಕ್ಕ ನೀರುದೋಸೆ ಮಾಡಿ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದಳು. ತಾಯಿ ಎಂಬತ್ತರ ಹತ್ತಿರದವರು, ಕಡ್ಡಿಯಂತೆ ತೆಳ್ಳಗೆ. ಟಿವಿಯ ಎದುರು ಕುರ್ಚಿಯನ್ನು ತೀರಾ ಹತ್ತಿರಕ್ಕೆ ಎಳೆದುಕೊಂಡು ಕೂತರು.

ಮೊದಲು ಶುದ್ಧ ಚಿತ್ರಗಳನ್ನು ಹಾಕಿದೆ. ಕೋಟೆ, ಫಿರಂಗಿ, ಜಲಪಾತ, ಗಾಣದ ಗೋಪುರ. ಅವರು ಸೌಜನ್ಯಕ್ಕೆಂಬಂತೆ ತಲೆಯಾಡಿಸಿದರು. ಜಲಪಾತವನ್ನು ನೋಡಿ, ಇದು ಇಷ್ಟು ಚೆನ್ನಾಗಿದೆಯಾ, ನಾನು ಒಮ್ಮೆಯೂ ಹೋಗಿಲ್ಲ ಎಂದರು. ಆಮೇಲೆ ಬುಗ್ಗೆಯ ಒರಟು ಚಿತ್ರ ಬಂತು. ಗೈಡ್ ಮೊಟ್ಟೆ ಹಿಡಿದು ನಕ್ಕರು. ಅವರು ಬದುಕಿದ್ದಾರೆಯೇ ಎಂದು ಕೇಳಲು ಧೈರ್ಯ ಬೇಕಾಯಿತು. ಇದ್ದಾರೆ, ಉತ್ತರದಲ್ಲಿ ವ್ಯಾನ್ ಓಡಿಸುತ್ತಾರೆ ಎಂದು ನರ್ಸ್ ಹೇಳಿದರು. ಅವರ ಮಾತನ್ನು ನಾನು ಕತ್ತರಿಸಿದ್ದೆ ಎಂದೆ. ಆ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು, ಕೇಳಬೇಕಾದವರೂ ಕೇಳಿದ್ದರು ಎಂದರು ನರ್ಸ್. ಅದು ನನಗೆ ಸಮಾಧಾನವಾಯಿತೋ ಇಲ್ಲವೋ, ಇಂದಿಗೂ ಹೇಳಲಾರೆ.

ಆಮೇಲೆ ಮಾರುಕಟ್ಟೆಯ ಹಿಂದಿನ ಬೀದಿ. ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನ ತಿರುಗುವ ಹನ್ನೊಂದು ಸೆಕೆಂಡು. ತಾಯಿ ಕುರ್ಚಿಯ ಅಂಚಿಗೆ ಬಂದರು. "ನಿಲ್ಲಿಸು."

ಚಿತ್ರ ನಡುಗುತ್ತಾ ನಿಂತಿತು. ಅವರು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಬಾಗಿಲನ್ನು ಹೆಸರಿಸತೊಡಗಿದರು. ಇದು ಬಟ್ಟೆ ಹೊಲಿಯುವವಳದ್ದು. ಇದು ಬ್ರೆಡ್ಡಿನವನದ್ದು, ಅವನೀಗ ಇಂಗ್ಲೆಂಡಿನಲ್ಲಿ. ಈ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ನಾನು ಫೈಲಿನಿಂದ ಖಾಲಿ ಹಾಳೆ ತೆಗೆದು ಸೆಕೆಂಡುಗಳ ಎದುರು ಹೆಸರು ಬರೆದುಕೊಂಡೆ. ಒಂದಿಷ್ಟು ಮುಂದೆ ಹೋಗುವುದು, ನಿಲ್ಲಿಸುವುದು, ಬರೆಯುವುದು. ಆ ಹನ್ನೊಂದು ಸೆಕೆಂಡು ದಾಟಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಕೊನೆಯ ಚಿತ್ರಕ್ಕೆ ಬಂದಾಗ ಅವರು ಬೆರಳನ್ನು ಪರದೆಯಾಚೆ, ಟಿವಿಯ ಪ್ಲಾಸ್ಟಿಕ್ ಚೌಕಟ್ಟಿನ ಮೇಲಿಟ್ಟರು.

"ಇಲ್ಲಿ ನನ್ನ ಮನೆ. ಮುಂದೆ ಹಾಕು."

ಮುಂದೆ ಇರಲಿಲ್ಲ. ಮುಂದಿನ ತುಣುಕು ಹಡಗುಕಟ್ಟೆಯದ್ದು. ಫೈಲು ಬಿಡಿಸಿ ಐದನೆಯ ಟೇಪಿನ ಲಾಗ್ ಹಾಳೆ ತೆಗೆದೆ. ನನ್ನದೇ ಅಕ್ಷರ. 'ಕ್ಯಾಮೆರಾ ಮುಂದೆ ತಿರುಗುತ್ತದೆ. ಕಸದ ಡ್ರಮ್, ವಿದ್ಯುತ್ ತಂತಿಗಳು, ಒಣಗಿಸಿದ ಬಟ್ಟೆ. ಬೇಡ.' ಕ್ಯಾಮೆರಾಮನ್ ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದು ನಾನು.

ಅಕ್ಕ ಹಾಳೆಯ ಮೇಲೆ ಕಣ್ಣು ಹಾಯಿಸಿ ನನ್ನನ್ನು ನೋಡಿದಳು. "ಹೇಳು," ಎಂದಳು ಮೆಲ್ಲಗೆ.

ಹೇಳಿದೆ. ನಿಮ್ಮ ಮನೆ ಟೇಪಿನಲ್ಲಿತ್ತು, ಅದು ಚೆನ್ನಾಗಿ ಕಾಣುವುದಿಲ್ಲವೆಂದು ನಾನೇ ಬಿಟ್ಟೆ, ಆಮೇಲೆ ಟೇಪೂ ಅಳಿಸಿಹೋಯಿತು ಎಂದೆ. ನರ್ಸ್ ಎದ್ದು ಕಿಟಕಿಯ ಕಡೆ ಹೋದರು. ತಾಯಿ ಮಾತ್ರ ಅಲುಗಲಿಲ್ಲ. ಚೌಕಟ್ಟಿನ ಮೇಲಿಟ್ಟ ಬೆರಳನ್ನು ತೆಗೆಯದೆ ಕೇಳಿದರು: "ಹಾಗಾದರೆ ನೀನು ನೋಡಿದ್ದೀಯಾ?"

"ನೋಡಿದ್ದೇನೆ."

"ಏನು ಕಂಡಿತು, ಹೇಳು."

ಹಾಳೆಯಲ್ಲಿ ಇದ್ದದ್ದು ಹತ್ತೇ ಪದ. ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಮೂರು ಮೆಟ್ಟಿಲು, ನಡುವಿನದು ಒಡೆದಿತ್ತು ಎಂದೆ. ಅವರು ತಲೆಯಾಡಿಸಿದರು. ನೀಲಿ ಬಾಗಿಲು ಎಂದೆ. ನೀಲಿಯಲ್ಲ, ಹಸಿರು ಎಂದರು. ಬಾಗಿಲು ಅರ್ಧ ತೆರೆದಿತ್ತು ಎಂದೆ. ಮೇಲಂತಸ್ತಿನ ಜಗಲಿಯ ಕಟಾಂಜನದ ಮೇಲೆ ಬಟ್ಟೆ ಒಣಗಲು ಹಾಕಿದ್ದರು. ಬಿಳಿ ಚಾದರಗಳು, ಒಂದು ಹಳದಿ ಲಂಗ.

"ಚಾದರ ಇತ್ತಾ? ಖಂಡಿತವಾಗಿ?"

"ಇತ್ತು. ಮೂರು."

ಅವರು ಕುರ್ಚಿಗೆ ಬೆನ್ನು ಆನಿಸಿದರು.

"ಹಾಗಾದರೆ ಸೋಮವಾರ, ನಾನು ಚಾದರ ಒಗೆಯುವ ದಿನ," ಎಂದರು. "ನಾನು ಒಳಗೇ ಇದ್ದೆ."